ಸೆಕೆಂಡ್ ಹ್ಯಾಂಡ್ ಕಾರು ತಗೊಂಡಿದ್ದೇನೆ, ಬಾನೆಟ್ ಎತ್ತಿದರೆ ಏನೂ ಅರ್ಥವಾಗಲ್ಲ. ನಾನೇ ಏನೇನು ನೋಡಿಕೊಳ್ಳಬೇಕು?

ಐದು ವರ್ಷ ಹಳೆಯ ಪೆಟ್ರೋಲ್ ವ್ಯಾಗನ್ ಆರ್, ಈ ಮಳೆಯಲ್ಲೇ ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಬೇಕು ಅಂದಿದ್ದೀರಿ. ಆಯಿಲ್ ಬದಲಿಸೋದು, ಫಿಲ್ಟರ್ ಹಾಕೋದು ಗ್ಯಾರೇಜಿನವರ ಕೆಲಸ, ಅದನ್ನು ಈಗಲೇ ಕಲಿಯಬೇಕಿಲ್ಲ. ನಿಮ್ಮ ಕೆಲಸ ನೋಡೋದು. ಯಾವುದೇ ದ್ರವದ ಮಟ್ಟ ಇಳಿದಿದ್ದರೆ ತುಂಬಿಸಿ ಸುಮ್ಮನಾಗಬೇಡಿ, ಯಾಕೆ ಇಳಿಯಿತು ಅಂತ ಹುಡುಕಿ.

ಎಂಜಿನ್ ಆಯಿಲನ್ನು ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದಲು, ಸಮತಟ್ಟು ಜಾಗದಲ್ಲಿ ನೋಡಿ. ಬೇಸ್‌ಮೆಂಟಿನ ಇಳಿಜಾರಿನಲ್ಲಿ ನೋಡಿದರೆ ಲೆಕ್ಕ ತಪ್ಪುತ್ತೆ. ಆಯಿಲ್ ಮಟ್ಟ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು ಒರೆಸಿ, ಪೂರ್ತಿ ಒಳಗೆ ತಳ್ಳಿ ಮತ್ತೆ ಎಳೆಯಿರಿ. ಎರಡನೇ ಸಲ ಕಂಡದ್ದೇ ನಿಜವಾದ ಮಟ್ಟ. ಎರಡು ಗುರುತುಗಳ ನಡುವೆ ಇದ್ದರೆ ಸಾಕು. ಮೇಲಿನ ಗುರುತು ದಾಟಿಸಿದರೆ ಎಂಜಿನ್ ಒಳಗೆ ತಿರುಗುವ ಕ್ರ್ಯಾಂಕ್‌ಶಾಫ್ಟ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತೆ, ನೊರೆಯಾದ ಆಯಿಲ್ ಬೇರಿಂಗುಗಳನ್ನು ಕಾಪಾಡಲ್ಲ. ಆಯಿಲ್ ಕಪ್ಪಗಾಗಿದೆ ಅಂತ ಗಾಬರಿ ಬೇಡ. ಆದರೆ ಡಿಪ್‌ಸ್ಟಿಕ್ಕಿನಲ್ಲೇ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ಕೂಲಂಟ್ (ಎಂಜಿನ್ ತಣಿಸುವ ದ್ರವ) ಸೇರಿದೆ ಅಂತ ಅರ್ಥ, ಗಾಡಿ ಸ್ಟಾರ್ಟ್ ಮಾಡಲೇಬೇಡಿ. ಆಯಿಲ್ ಹಾಕುವ ಮುಚ್ಚಳದ ಒಳಗಡೆ ಮಾತ್ರ ಸ್ವಲ್ಪ ಬಿಳಿ ನೊರೆ ಇದ್ದು ಡಿಪ್‌ಸ್ಟಿಕ್ ಸ್ವಚ್ಛವಾಗಿದ್ದರೆ ಅದು ಸಾಮಾನ್ಯವಾಗಿ ಬರೀ ತೇವಾಂಶ, ಚಿಕ್ಕ ಚಿಕ್ಕ ಓಡಾಟದಲ್ಲಿ ಎಂಜಿನ್ ಪೂರ್ತಿ ಕಾಯದೆ ಕೂರುವಂಥದ್ದು. ಯಾವ ಗ್ರೇಡಿನ ಆಯಿಲ್ ಬೇಕು ಅನ್ನೋದು ಓನರ್ಸ್ ಮ್ಯಾನ್ಯುಯಲ್‌ನಲ್ಲಿದೆ, ಅಂಗಡಿಯವರ ಸಲಹೆ ಬೇಕಿಲ್ಲ.

ಕೂಲಂಟ್ ಟ್ಯಾಂಕಿನ ಮಟ್ಟವನ್ನು ಎಂಜಿನ್ ತಣ್ಣಗಿದ್ದಾಗ ಹೊರಗಿನಿಂದಲೇ ನೋಡಬಹುದು, ಮಿನ್ ಮತ್ತು ಮ್ಯಾಕ್ಸ್ ಗೆರೆಗಳ ನಡುವೆ ಇರಬೇಕು. ತಿಂಗಳು ತಿಂಗಳೂ ಇಳೀತಿದ್ರೆ ಹೋಸ್, ವಾಟರ್ ಪಂಪ್, ರೇಡಿಯೇಟರ್, ಎಲ್ಲೋ ಸೋರ್ತಿದೆ. ಬೋರ್‌ವೆಲ್ ನೀರು ಸುರಿಯಬೇಡಿ, ಗಡಸು ನೀರಿನ ಸುಣ್ಣ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲಿ ಕಟ್ಟುತ್ತೆ. ಎಷ್ಟೋ ಚಿಕ್ಕ ಕಾರುಗಳಲ್ಲಿ ಟೆಂಪರೇಚರ್ ಮುಳ್ಳೇ ಇಲ್ಲ: ತಣ್ಣಗಿದ್ದಾಗ ನೀಲಿ ದೀಪ, ಅತಿಯಾಗಿ ಕಾದರೆ ಕೆಂಪು. ಕೆಂಪು ಬಂದರೆ ಎಸಿ ಆರಿಸಿ, ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತಿರುಗಿಸಿದರೆ ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತೆ.

ಘಾಟಿಗೆ ಮುಖ್ಯವಾದದ್ದು ಬ್ರೇಕ್. ಬಾನೆಟ್ ಒಳಗೆ, ಡ್ರೈವರ್ ಕಡೆ, ಗಾಜಿನ ಹತ್ತಿರ ಬ್ರೇಕ್ ಫ್ಲೂಯಿಡ್ಡಿನ ಪುಟ್ಟ ಡಬ್ಬಿ ಇರುತ್ತೆ. ಚಕ್ರದ ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕ್ ಪ್ಯಾಡ್ ಸವೆದಂತೆ ಅದನ್ನು ತಳ್ಳುವ ಪಿಸ್ಟನ್ ಮುಂದೆ ಬಂದು ಇದರ ಮಟ್ಟ ನಿಧಾನಕ್ಕೆ ಇಳಿಯುತ್ತೆ, ಹಾಗಾಗಿ ಮಟ್ಟ ಕಡಿಮೆಯಾದರೆ ಮೊದಲು ಪ್ಯಾಡ್ ನೋಡಿಸಿ. ಪ್ಯಾಡ್ ಚೆನ್ನಾಗಿದ್ದೂ ಮಟ್ಟ ಇಳಿದಿದ್ದರೆ ಸೋರಿಕೆ, ಗಾಡಿ ಓಡಿಸಬೇಡಿ. ಈ ಫ್ಲೂಯಿಡ್ ಗಾಳಿಯ ತೇವ ಹೀರುತ್ತೆ. ಡಾಟ್ 4 ಅನ್ನೋ ದರ್ಜೆಯ ಹೊಸ ಫ್ಲೂಯಿಡ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು, ನೀರು ಸೇರಿದ ಮೇಲೆ 155ಕ್ಕೂ ಇಳಿಯಬಹುದು. ಇಳಿಜಾರಿನಲ್ಲಿ ಕಾದ ಬ್ರೇಕು ಅದನ್ನು ಕುದಿಸಿ ಆವಿಯ ಗುಳ್ಳೆ ಮಾಡಿದರೆ ಪೆಡಲ್ ಸ್ಪಂಜಿನಂತೆ ಕೆಳಗೆ ಹೋಗುತ್ತೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಹಳೇ ಮಾಲೀಕರ ಸರ್ವಿಸ್ ದಾಖಲೆಯಲ್ಲಿ ಅದರ ಸುದ್ದಿಯೇ ಇಲ್ಲದಿದ್ದರೆ ಹೊರಡುವ ಮೊದಲೇ ಬದಲಿಸಿ. ಈ ಒಂದು ಖರ್ಚಿನಲ್ಲಿ ಚೌಕಾಸಿ ಬೇಡ.

ಸಕಲೇಶಪುರ ದಾಟಿ ಇಳಿಜಾರು ಶುರುವಾದ ಮೇಲೆ ಎರಡು ಅಥವಾ ಮೂರನೇ ಗೇರಿನಲ್ಲೇ ಇಳಿಯಿರಿ. ಕ್ಲಚ್ ಪೆಡಲ್ ಇಲ್ಲದೆ ಗೇರ್ ತಾನೇ ಬದಲಾಗುವ ಎಎಂಟಿ ಆದರೆ ಮ್ಯಾನ್ಯುಯಲ್ ಮೋಡಿಗೆ ಹಾಕಿ. ಬ್ರೇಕಿನ ಮೇಲೆ ಹಗುರವಾಗಿ ಕಾಲಿಟ್ಟುಕೊಂಡೇ ಇಳಿಯಬಾರದು, ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ. ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಬುದ್ಧಿವಂತಿಕೆ ಬೇಡ. ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಈಗಿನ ಎಂಜಿನ್ನಿಗೆ ಪೆಟ್ರೋಲ್ ಹೋಗೋದೇ ನಿಲ್ಲುತ್ತೆ, ನ್ಯೂಟ್ರಲ್‌ನಲ್ಲೇ ಐಡಲ್‌ಗೆ ಖರ್ಚಾಗೋದು. ಸುಟ್ಟ ವಾಸನೆ ಬಂದರೆ ಅಗಲ ಇರುವ ಕಡೆ ನಿಲ್ಲಿಸಿ ತಣಿಯಲು ಬಿಡಿ, ಬ್ರೇಕ್ ಡಿಸ್ಕಿನ ಮೇಲೆ ನೀರು ಸುರಿಯಬೇಡಿ.

ಬ್ಯಾಟರಿ ನಮ್ಮ ಕಡೆ ಮೂರು ನಾಲ್ಕು ವರ್ಷ ಬಂದರೆ ಬಂತು. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕೂತಿದ್ದರೆ ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿ, ಅಡುಗೆ ಸೋಡಾ ಕದಡಿದ ನೀರಿನಲ್ಲಿ ಉಜ್ಜಿ. ಪ್ಲಸ್ ಮೊದಲು ಬಿಚ್ಚಹೋದರೆ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಾಗಿ ಶಾರ್ಟ್ ಆಗಬಹುದು.

ಇನ್ನು ಟೈರು. ಎಷ್ಟು ಗಾಳಿ ಬೇಕು ಅನ್ನೋದು ಡ್ರೈವರ್ ಬಾಗಿಲು ತೆಗೆದರೆ ಕಾಣುವ ಸ್ಟಿಕ್ಕರಿನಲ್ಲಿದೆ, ಬಂಕಿನ ಹುಡುಗ ಎಲ್ಲರಿಗೂ ಹಾಕುವ 35 ಪಿಎಸ್ಐ ಅಲ್ಲ. ಟೈರು ತಣ್ಣಗಿದ್ದಾಗ, ಎರಡು ವಾರಕ್ಕೊಮ್ಮೆ ಹಾಕಿಸಿ. ನೈಟ್ರೋಜನ್‌ಗೆ ದುಡ್ಡು ಕೊಡಬೇಕಿಲ್ಲ, ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಭಾಗ ಅದೇ ಇದೆ. ಟೈರಿನ ಪಕ್ಕದ ಮೈಯಲ್ಲಿ ನಾಲ್ಕು ಅಂಕಿ ಹುಡುಕಿ: 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಗೆರೆಯ ಆಳ 1.6 ಮಿ.ಮೀ.ಗೆ ಬಂದರೆ ಟೈರಿನ ಆಯಸ್ಸು ಮುಗಿಯಿತು, ಆದರೆ ಮಲೆನಾಡಿನ ಮಳೆಗೆ ನಾನಾದರೆ 3ಕ್ಕೇ ಬದಲಿಸುತ್ತೇನೆ.

ಸ್ಟೆಪ್ನಿಯ ಗಾಳಿಯನ್ನೂ ನೋಡಿ, ಯಾರೂ ನೋಡಲ್ಲ. ಟೈರ್ ಅಂಗಡಿಯವರು ಏರ್ ಗನ್ನಿನಲ್ಲಿ ಬಿಗಿದ ಚಕ್ರದ ನಟ್ಟು ಕಾರಿನ ಜೊತೆ ಬರುವ ಸ್ಪ್ಯಾನರಿಗೆ ಜಗ್ಗದೇ ಇರಬಹುದು. ಮನೆ ಹತ್ತಿರವೇ, ಹ್ಯಾಂಡ್‌ಬ್ರೇಕ್ ಎಳೆದು, ಜ್ಯಾಕ್ ಏರಿಸದೆ, ಒಂದೊಂದೇ ನಟ್ಟು ಅರ್ಧ ಸುತ್ತು ಸಡಿಲಿಸಿ ಮತ್ತೆ ಬಿಗಿದು ನೋಡಿ. ಬರದಿದ್ದರೆ ಅಂಗಡಿಯಲ್ಲಿ ಬಿಚ್ಚಿಸಿ, ಕೈಯಿಂದಲೇ ಸರಿಯಾಗಿ ಬಿಗಿಸಿಕೊಂಡು ಹೊರಡಿ.