ಮಂಡ್ಯದಿಂದ ಮೊದಲ ಸಲ ವಂಡರ್‌ಲಾಗೆ ಹೋಗುತ್ತಿದ್ದೇವೆ, ಹೇಗೆ ಪ್ಲಾನ್ ಮಾಡುವುದು?

ನೀವು ಮಂಡ್ಯದವರು, ಇದುವರೆಗೆ ವಂಡರ್‌ಲಾ ನೋಡಿಲ್ಲ. ಬರುವ ತಿಂಗಳು ಒಂದು ಭಾನುವಾರ ಗಂಡ, 11 ವರ್ಷದ ಮಗಳು, 6 ವರ್ಷದ ಮಗ ಮತ್ತು 64 ವರ್ಷದ ಅತ್ತೆಯವರ ಜೊತೆ ಹೋಗಬೇಕು ಅಂತಿದ್ದೀರಿ. ಒಂದೇ ದಿನದಲ್ಲಿ ಎಲ್ಲ ರೈಡ್ ಮುಗಿಸಬಹುದಾ, ಫಾಸ್ಟ್‌ಟ್ರ್ಯಾಕ್ ಟಿಕೆಟ್ ಬೇಕಾ, ಅತ್ತೆಯವರಿಗೆ ಅಲ್ಲಿ ಏನಾದರೂ ಇದೆಯಾ ಅಂತ ಕೇಳಿದ್ದೀರಿ.

ನಾನೂ ಮಂಡ್ಯದವನೇ, ಹೈಸ್ಕೂಲ್ ಮೇಷ್ಟ್ರು. ಮನೆಯವರ ಜೊತೆ ಮೂರು ಸಲ, ಶಾಲೆ ಮಕ್ಕಳ ಜೊತೆ ಎರಡು ಸಲ ಹೋಗಿ ಬಂದಿದ್ದೇನೆ. ಗೊತ್ತಿರುವುದನ್ನು ಹೇಳುತ್ತೇನೆ.

ಎಲ್ಲ ರೈಡ್ ಆಗುವುದಿಲ್ಲ. ಅದನ್ನು ಮನಸ್ಸಿನಿಂದ ತೆಗೆದುಹಾಕಿ. ಬಿಡದಿಯ ಪಾರ್ಕ್ 2005ರಲ್ಲಿ ಶುರುವಾಗಿದ್ದು, 82 ಎಕರೆ ಇದೆ, ರೈಡ್‌ಗಳು 60ಕ್ಕಿಂತ ಜಾಸ್ತಿ. ಬೆಳಿಗ್ಗೆ 11ರಿಂದ ಸಂಜೆ 6 ಅಂತ ಲೆಕ್ಕ ಹಾಕಿದರೂ ಕೈಯಲ್ಲಿರುವುದು 420 ನಿಮಿಷ. ಒಂದು ರೈಡಿಗೆ 7 ನಿಮಿಷ ಬಂತು. ಅದರಲ್ಲೇ ನಡೆಯಬೇಕು, ಕ್ಯೂ ನಿಲ್ಲಬೇಕು, ಊಟ ಮಾಡಬೇಕು, ಬಟ್ಟೆ ಬದಲಾಯಿಸಬೇಕು. ಹನ್ನೆರಡು ಹದಿನೈದು ರೈಡ್ ಚೆನ್ನಾಗಿ ಆಡಿ ಬಂದರೆ ದಿನ ತುಂಬಿತು ಅಂತ ನನ್ನ ಲೆಕ್ಕ.

ಟಿಕೆಟ್ ಬುಕ್ ಮಾಡುವ ಮೊದಲು ಒಂದು ಕೆಲಸ ಮಾಡಿ. ಇವತ್ತೇ ಇಬ್ಬರು ಮಕ್ಕಳನ್ನೂ ಚಪ್ಪಲಿ ಇಲ್ಲದೆ ಗೋಡೆಗೆ ಒರಗಿಸಿ ನಿಲ್ಲಿಸಿ, ತಲೆ ಮೇಲೆ ಸ್ಕೇಲ್ ಇಟ್ಟು ಪೆನ್ಸಿಲ್ ಗೆರೆ ಎಳೆದು, ಟೇಪಿನಿಂದ ಅಳೆಯಿರಿ. ಅಲ್ಲಿ ಮಕ್ಕಳ ಟಿಕೆಟ್ ವಯಸ್ಸಿನ ಮೇಲೆ ಅಲ್ಲ, ಎತ್ತರದ ಮೇಲೆ. 85 ಸೆಂ.ಮೀ.ಗಿಂತ ಕಡಿಮೆ ಇರುವ ಮಗುವಿಗೆ ಟಿಕೆಟ್ ಇಲ್ಲ. ಅಲ್ಲಿಂದ 140ರವರೆಗೆ ಮಕ್ಕಳ ಟಿಕೆಟ್. ಅದರ ಮೇಲೆ ದೊಡ್ಡವರ ಟಿಕೆಟ್. ಮೈ ಜುಂ ಅನ್ನಿಸುವ ದೊಡ್ಡ ರೈಡ್‌ಗಳಿಗೂ ಸಾಮಾನ್ಯವಾಗಿ ಅದೇ 140ರ ಗೆರೆ. ಅಂದರೆ ನಾಲ್ಕು ಅಡಿ ಏಳು ಇಂಚು. 11 ವರ್ಷದ ಮಕ್ಕಳು ಸರಿಯಾಗಿ ಈ ಗೆರೆಯ ಆಚೀಚೆಯೇ ಇರುತ್ತಾರೆ, ನಿಮ್ಮ ಮಗಳೂ ಅಲ್ಲೇ ಇರಬಹುದು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಾವು ಮೊದಲ ಸಲ ಹೋದಾಗ ನನ್ನ ಮಗಳು 138 ಸೆಂ.ಮೀ. ಇದ್ದಳು. ಹದಿನೈದು ದಿನದಿಂದ ರೋಲರ್ ಕೋಸ್ಟರ್ ವಿಡಿಯೋ ನೋಡಿ, ಕ್ಲಾಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು. ಬಾಗಿಲಲ್ಲಿ ಅಳತೆ ಕೋಲಿಗೆ ನಿಲ್ಲಿಸಿದರು. ಎರಡು ಸೆಂಟಿಮೀಟರ್ ಕಡಿಮೆ. ಹಿಮ್ಮಡಿ ಎತ್ತಿ ನಿಂತಳು ಪಾಪ. ಅಲ್ಲಿದ್ದ ಹುಡುಗ ಪ್ರೀತಿಯಿಂದಲೇ ಬೇಡಮ್ಮ ಅಂದ. ಅವನು ಮಾಡಿದ್ದು ಸರಿ. ಹೆಗಲ ಮೇಲಿಂದ ಬಂದು ಎದೆಗೆ ಕೂರುವ ಆ ಕಬ್ಬಿಣದ ಪಟ್ಟಿ ಒಂದು ಅಳತೆಯ ಮೈಗೆ ಅಂತ ಮಾಡಿದ್ದು. ಮೈ ಚಿಕ್ಕದಾದರೆ ನಡುವೆ ಸಂದು ಉಳಿಯುತ್ತದೆ. ತಪ್ಪು ನನ್ನದು. ಮನೆಯಲ್ಲೇ ಅಳೆದು, "ಈ ಸಲ ಅದು ಆಗಲ್ಲ ಮಗಳೇ, ಇವು ಆಗುತ್ತವೆ" ಅಂತ ಮೊದಲೇ ಹೇಳಿದ್ದರೆ ಅವಳು ಅಷ್ಟು ಜನರ ಮುಂದೆ ಅಳಬೇಕಾಗಿರಲಿಲ್ಲ.

ನಿಮ್ಮ ಮಗಳು 140 ದಾಟಿದ್ದರೂ ಬಲವಂತ ಮಾಡಬೇಡಿ. ರೀಕಾಯಿಲ್ ಅಂತ ಒಂದಿದೆ. ಮುಂದಕ್ಕೆ ತಲೆಕೆಳಗಾಗಿ ಸುತ್ತಿ ಹೋಗಿ, ಅದೇ ದಾರಿಯಲ್ಲಿ ಹಿಂದಕ್ಕೆ ಮತ್ತೆ ತಲೆಕೆಳಗಾಗಿ ಬರುತ್ತದೆ. ಕೆಳಗೆ ನಿಂತು ಎರಡು ರೌಂಡ್ ನೋಡಲಿ. ನೋಡಿದ ಮೇಲೂ ಬೇಕು ಅಂದರೆ ಹತ್ತಲಿ. ತಲೆಕೆಳಗಾದಾಗ ಬೀಳುವುದಿಲ್ಲವಾ ಅಂತ ಕೇಳಿಯೇ ಕೇಳುತ್ತಾಳೆ. ಅರ್ಧ ಬಕೆಟ್ ನೀರು ತಗೊಂಡು ಮನೆ ಮುಂದೆ ಜೋರಾಗಿ ಮೇಲಿಂದ ಕೆಳಗೆ ಸುತ್ತಿಸಿ ತೋರಿಸಿ. ನೀರು ಚೆಲ್ಲುವುದಿಲ್ಲ. ಬಕೆಟ್ ಕೆಳಗೆ ಬೀಳುವ ಬದಲು ಸುತ್ತು ತಿರುಗುತ್ತಿರುತ್ತದೆ, ಒಳಗಿನ ನೀರು ತಳಕ್ಕೆ ಒತ್ತಿಕೊಂಡಿರುತ್ತದೆ. ಕೋಸ್ಟರಿನಲ್ಲಿ ಸೀಟಿಗೆ ಒತ್ತಿಕೊಳ್ಳುವುದೂ ಇದೇ ಕಾರಣಕ್ಕೆ. ಎಂಟನೇ ಕ್ಲಾಸಿಗೆ ಇದನ್ನು ಪ್ರತಿ ವರ್ಷ ತೋರಿಸುತ್ತೇನೆ. ಮಕ್ಕಳ ಭಯ ಅರ್ಧ ಇಳಿಯುತ್ತದೆ.

ಇನ್ನು ದಿನದ ವಿಚಾರ. ಭಾನುವಾರವೇ ಆಗಬೇಕಾ ಅಂತ ಮನೆಯಲ್ಲಿ ಇನ್ನೊಂದು ಸಲ ಮಾತಾಡಿ. ಭಾನುವಾರ, ಎರಡನೇ ಶನಿವಾರ, ಏಪ್ರಿಲ್ ಮೇ ರಜೆ, ದಸರಾ ರಜೆ, ಡಿಸೆಂಬರ್ ಕೊನೆ, ಇವೆಲ್ಲ ಜನಜಾತ್ರೆಯ ದಿನಗಳು. ನವೆಂಬರ್‌ನಿಂದ ಜನವರಿವರೆಗೆ ವಾರದ ದಿನವೂ ಶಾಲಾ ಪ್ರವಾಸದ ಬಸ್ಸುಗಳು ಬರುತ್ತವೆ, ನಾನೂ ಹಾಗೇ ಹೋಗಿದ್ದು. ನನ್ನನ್ನು ಕೇಳಿದರೆ ಆಷಾಢದ ಒಂದು ಮಂಗಳವಾರ ಅಥವಾ ಬುಧವಾರ ಹೋಗಿ. ಆಗ ಶಾಲೆ ಶುರುವಾಗಿರುತ್ತದೆ. ನಮ್ಮ ಕಡೆ ಮದುವೆ, ಗೃಹಪ್ರವೇಶ ಯಾವುದೂ ಇರುವುದಿಲ್ಲ, ಮನೆಯವರೆಲ್ಲ ಒಟ್ಟಿಗೆ ಬಿಡುವಾಗಿ ಸಿಗುತ್ತಾರೆ. ಬಿಸಿಲೂ ಇಳಿದಿರುತ್ತದೆ. ಮಕ್ಕಳಿಗೆ ಒಂದು ದಿನ ರಜೆ ಹಾಕಿಸಿದರೆ ಏನೂ ಆಗುವುದಿಲ್ಲ. ಮೇಷ್ಟ್ರಾಗಿಯೇ ಹೇಳುತ್ತಿದ್ದೇನೆ. ಮಳೆ ಜೋರಾದರೆ ಕೆಲವು ರೈಡ್ ಸ್ವಲ್ಪ ಹೊತ್ತು ನಿಲ್ಲಬಹುದು, ಅಷ್ಟಕ್ಕೆ ಸಿದ್ಧವಾಗಿರಿ.

ಭಾನುವಾರವೇ ಗತಿ ಅಂದರೆ ಕ್ಯೂ ಹೇಗೆ ಓದುವುದು ಅಂತ ಕಲಿತುಕೊಳ್ಳಿ. ಕ್ಯೂ ಎಷ್ಟು ಉದ್ದ ಇದೆ ಅಂತ ನೋಡಿದರೆ ಸಾಲದು. ಒಂದು ರೌಂಡಿಗೆ ಎಷ್ಟು ಜನ ಕೂರುತ್ತಾರೆ, ಹತ್ತಿ ಬೆಲ್ಟ್ ಹಾಕಿ ಸುತ್ತಿ ಇಳಿಯಲು ಎಷ್ಟು ನಿಮಿಷ ಆಗುತ್ತದೆ ಅಂತ ನೋಡಿ. 24 ಸೀಟು, 6 ನಿಮಿಷ ಅಂದುಕೊಳ್ಳಿ. ಗಂಟೆಗೆ ಹತ್ತು ರೌಂಡ್, 240 ಜನ. ನಿಮ್ಮ ಮುಂದೆ 200 ಜನ ಇದ್ದರೆ 50 ನಿಮಿಷ ನಿಲ್ಲಬೇಕು. 8 ಸೀಟಿನ ರೈಡ್ ಆದರೆ ಅಷ್ಟೇ ಹೊತ್ತಿನಲ್ಲಿ ಹತ್ತುವುದು ಸುಮಾರು 66 ಜನ ಮಾತ್ರ. ಅದರ ಕ್ಯೂ ಚಿಕ್ಕದಾಗಿ ಕಂಡರೂ ನಂಬಬೇಡಿ. ನಿಮ್ಮ ಮಗಳಿಗೆ ಈ ಲೆಕ್ಕ ಕೊಡಿ, ಅವಳೇ ನಿಮ್ಮ ದಾರಿ ತೋರಿಸುತ್ತಾಳೆ.

ಗೇಟ್ ತೆರೆಯುವ ಅರ್ಧ ಗಂಟೆ ಮೊದಲೇ ಅಲ್ಲಿರಿ. ಟಿಕೆಟ್ ಆನ್‌ಲೈನಿನಲ್ಲಿ ತೆಗೆದಿಟ್ಟುಕೊಳ್ಳಿ. ದರ ದಿನದಿಂದ ದಿನಕ್ಕೆ ಬೇರೆ ಇರುತ್ತದೆ, ಅವರ ವೆಬ್‌ಸೈಟಿನಲ್ಲೇ ನೋಡಿ. 60 ದಾಟಿದವರಿಗೆ ರಿಯಾಯಿತಿ ಇದೆ, ಅತ್ತೆಯವರ ಆಧಾರ್ ಮರೆಯಬೇಡಿ. ಒಳಗೆ ಹೋದ ತಕ್ಷಣ ಜನ ಮೊದಲು ಕಣ್ಣಿಗೆ ಬಿದ್ದ ರೈಡಿಗೇ ಮುಗಿಬೀಳುತ್ತಾರೆ. ನೀವು ನಿಲ್ಲದೆ ಹಿಂದಕ್ಕೆ ನಡೆಯಿರಿ. ಮೊದಲ ಒಂದೂವರೆ ಗಂಟೆಯಲ್ಲಿ ನೀರಿಲ್ಲದ ದೊಡ್ಡ ರೈಡ್‌ಗಳು, ಮಧ್ಯಾಹ್ನ ನೀರಾಟ, ಸಂಜೆ ಮಗನ ಪುಟ್ಟ ರೈಡ್‌ಗಳು ಮತ್ತು ಬಿಟ್ಟುಹೋದದ್ದು. ನೀರಿನ ರೈಡ್‌ಗಳನ್ನು ಸಂಜೆ ಬೇಗ ಮುಚ್ಚುತ್ತಾರೆ, ಅದಕ್ಕೇ ಈ ಕ್ರಮ.

ಫಾಸ್ಟ್‌ಟ್ರ್ಯಾಕ್ ಬೇರೆ ಸಾಲಿನಲ್ಲಿ ಬೇಗ ಬಿಡುವ ದುಬಾರಿ ಟಿಕೆಟ್. ಕಾಲೇಜು ಹುಡುಗರು ರಜೆ ದಿನ ಹೋದರೆ ತಗೊಳ್ಳಲಿ. ನಿಮ್ಮ ಮನೆಯಲ್ಲಿ ಅತ್ತೆಯವರು ಮತ್ತು ಚಿಕ್ಕ ಮಗ ದೊಡ್ಡ ರೈಡ್ ಹತ್ತುವುದೇ ಇಲ್ಲ. ಐದು ಜನಕ್ಕೂ ತಗೊಳ್ಳುವುದು ದಂಡ ಅಂತ ನನ್ನ ಅಭಿಪ್ರಾಯ.

ಈಗ ಅತ್ತೆಯವರ ವಿಷಯ. ಇದನ್ನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಕ್ಷಮಿಸಿ.

ಮೊದಲ ಸಲ ನಮ್ಮ ಅವ್ವನನ್ನು ಕರೆದುಕೊಂಡು ಹೋಗಿದ್ದೆವು. ಅವ್ವ ಬ್ಯಾಗ್, ಚಪ್ಪಲಿ, ಕನ್ನಡಕ, ಫೋನು ಎಲ್ಲ ಇಟ್ಟುಕೊಂಡು ಒಂದು ಮರದ ಕೆಳಗೆ ಕೂತಿತು. ನಾವು ಬಂದು ಬಂದು ವಸ್ತು ಕೊಟ್ಟು ಹೋದೆವು. ಮನೆಗೆ ವಾಪಸ್ ಬರುವಾಗ ಹೇಗಿತ್ತವ್ವ ಅಂದೆ. "ಚೆನ್ನಾಗಿತ್ತು ಕಣಪ್ಪ, ಒಳ್ಳೆ ನೆರಳಿತ್ತು" ಅಂತು. ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಟಿಕೆಟ್ ತೆಗೆದು ಕರೆದುಕೊಂಡು ಹೋಗಿ ನೆರಳಲ್ಲಿ ಕೂರಿಸಿ ಬಂದಿದ್ದೆವು.

ಎರಡನೇ ಸಲ ಲಾಕರ್ ಬಾಡಿಗೆಗೆ ತಗೊಂಡೆವು. ಬ್ಯಾಗ್ ಒಳಗೆ ಹೋಯಿತು, ಅವ್ವನ ಕೈ ಖಾಲಿಯಾಯಿತು. ಸ್ಕೈ ವೀಲ್ ಅಂತ ಇದೆ. ಲಿಫ್ಟಿನಲ್ಲಿ ಗೋಪುರದ ತುದಿಗೆ ಹೋಗಿ, ಸುಮಾರು 130 ಅಡಿ ಮೇಲೆ ಇರುವ ಚಕ್ರದ ತೊಟ್ಟಿಲಲ್ಲಿ ಕೂರುವುದು. ನಿಧಾನವಾಗಿ ತಿರುಗುತ್ತದೆ. ಅವ್ವ ಅಲ್ಲಿಂದ ಮೈಸೂರು ರಸ್ತೆ ಯಾವುದು, ನಮ್ಮೂರು ಯಾವ ಕಡೆ ಅಂತ ಕೇಳಿ ಕೇಳಿ ನೋಡಿತು. ಆಮೇಲೆ ಅಲೆಗಳ ಕೊಳ. ಮೊಮ್ಮಗಳ ಕೈ ಹಿಡಿದು ಮೊಣಕಾಲು ಮಟ್ಟದ ನೀರಿನಲ್ಲಿ ನಿಂತಿತು. ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ನಲವತ್ತು ವರ್ಷ ಗದ್ದೆ ನಾಟಿ ಮಾಡಿದ ಹೆಂಗಸು, ಸಮುದ್ರ ಮಾತ್ರ ನೋಡಿರಲಿಲ್ಲ. ಅಲೆ ಬಂದು ಕಾಲಿಗೆ ಹೊಡೆದಾಗ "ಸಮುದ್ರ ಹಿಂಗೇ ಇರ್ತದಾ?" ಅಂತ ಕೇಳಿತು. ರೇನ್ ಡಿಸ್ಕೋದಲ್ಲಿ ಮೇಲಿಂದ ಬೆಚ್ಚಗಿನ ನೀರು ಸುರಿಯುತ್ತದೆ, ಅಲ್ಲೂ ಒಂದು ಮೂಲೆಯಲ್ಲಿ ನಿಂತು ನೆನೆಯಿತು.

ಹಾಗಾಗಿ ಅತ್ತೆಯವರಿಗೆ ಅಲ್ಲಿ ಖಂಡಿತ ಇದೆ. ಮೊದಲು ಅವರ ಎರಡು ಮೂರು ಜಾಗ ಬರೆದುಕೊಳ್ಳಿ, ಉಳಿದದ್ದನ್ನು ಅದರ ಸುತ್ತ ಹೊಂದಿಸಿ. ನೀವು ಮತ್ತು ನಿಮ್ಮ ಯಜಮಾನರು ಸರದಿ ಮೇಲೆ ದೊಡ್ಡ ರೈಡಿಗೆ ಹೋಗಿ, ಒಬ್ಬರು ಅತ್ತೆ ಮತ್ತು ಮಗನ ಜೊತೆಗಿರಿ. ಬಿಪಿ, ಹೃದಯದ ತೊಂದರೆ, ಬೆನ್ನುಮೂಳೆ ನೋವು, ಇತ್ತೀಚೆಗೆ ಆಪರೇಷನ್ ಆಗಿರುವುದು ಏನಾದರೂ ಇದ್ದರೆ ಜೋರಾದ ರೈಡ್ ಹತ್ತಿಸಲೇಬೇಡಿ. ಮಾತ್ರೆಗಳು ಜೊತೆಯಲ್ಲಿರಲಿ. ನಡೆಯುವುದು ಬಹಳ ಇದೆ, ಮಂಡಿ ನೋವಿದ್ದರೆ ಅರ್ಧ ಗಂಟೆಗೊಮ್ಮೆ ಕೂರಿಸಿ.

ಬಟ್ಟೆ ವಿಷಯದಲ್ಲಿ ನಮ್ಮ ಕಡೆಯವರು ತುಂಬಾ ಜನ ಪೇಚಾಡುತ್ತಾರೆ. ಸೀರೆ, ಚೂಡಿದಾರ್, ಜೀನ್ಸ್, ಕಾಟನ್ ಬನಿಯನ್ ಹಾಕಿಕೊಂಡು ನೀರಿಗೆ ಇಳಿಯಲು ಬಿಡುವುದಿಲ್ಲ. ನೈಲಾನ್ ಅಥವಾ ಲೈಕ್ರಾ ಬಟ್ಟೆಯೇ ಬೇಕು. ಕಾಟನ್ ನೂಲು ಬಿಟ್ಟು ನೀರು ಶುದ್ಧ ಮಾಡುವ ಫಿಲ್ಟರಿಗೆ ಸಿಕ್ಕಿಕೊಳ್ಳುತ್ತದೆ, ನೆನೆದರೆ ಭಾರವಾಗುತ್ತದೆ, ಜಾರುವ ಕಡೆ ಸೆರಗು ದುಪ್ಪಟ್ಟಾ ಸಿಕ್ಕಿಕೊಂಡರೆ ಅಪಾಯ. ಒಳಗೆ ಅಂಗಡಿ ಇದೆ, ಆದರೆ ಐದು ಜನಕ್ಕೆ ಅಲ್ಲೇ ಕೊಳ್ಳುವ ಬದಲು ಮಂಡ್ಯದಲ್ಲೇ ಸ್ವಿಮ್ಮಿಂಗ್ ಡ್ರೆಸ್ ತಗೊಂಡು ಹೋಗಿ. ಅತ್ತೆಯವರಿಗೆ ಉದ್ದ ತೋಳಿನ ಟಾಪ್, ಕಾಲು ಪೂರ್ತಿ ಮುಚ್ಚುವ ಪ್ಯಾಂಟ್ ಸಿಗುತ್ತದೆ. ಮನೆಯಲ್ಲಿ ಒಂದು ಸಲ ಹಾಕಿ ನೋಡಲಿ, ಸಂಕೋಚ ಅಲ್ಲೇ ಕಳೆಯುತ್ತದೆ. ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಬೇಡಿ. ಓಲೆ, ಬಳೆ, ಸರ ಮನೆಯಲ್ಲೇ ಇರಲಿ. ಮಾಂಗಲ್ಯ ತೆಗೆಯುವುದಿಲ್ಲ ಅಂದರೆ ಅರಿಶಿನ ದಾರದಲ್ಲಿ ಗಟ್ಟಿಯಾಗಿ ಕಟ್ಟಿ ಬಟ್ಟೆಯ ಒಳಗೆ ಸೇರಿಸಿ. ಮಗನಿಗೆ ಕಿತ್ತಳೆಯೋ ಹಳದಿಯೋ ಬಣ್ಣದ್ದು ತೊಡಿಸಿ, ಗುಂಪಿನಲ್ಲಿ ಬೇಗ ಕಾಣುತ್ತಾನೆ. ನಿಮ್ಮ ಫೋನ್ ನಂಬರನ್ನು ಅವನ ತೋಳಿನ ಮೇಲೆ ಅಳಿಸದ ಪೆನ್ನಿನಲ್ಲಿ ಬರೆಯಿರಿ.

ಹೊರಗಿನ ಊಟ ಒಳಗೆ ಬಿಡುವುದಿಲ್ಲ, ಪುಳಿಯೋಗರೆ ಕಟ್ಟಿಕೊಂಡು ಹೋಗಬೇಡಿ. ಒಳಗೆ ಹೋಟೆಲ್‌ಗಳಿವೆ. 12 ಗಂಟೆಗೇ ಊಟ ಮಾಡಿ ಅಥವಾ ಎರಡೂವರೆ ಮೇಲೆ ಮಾಡಿ, ನಡುವೆ ನೂಕುನುಗ್ಗಲು. ಹೊಟ್ಟೆ ತುಂಬಾ ತಿಂದು ಗಿರಗಿರ ತಿರುಗುವುದನ್ನು ಹತ್ತಬೇಡಿ. ಕಿವಿಯೊಳಗೆ ಮೈಯ ಸಮತೋಲ ಹಿಡಿಯುವ ಭಾಗ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ. ಅದರಿಂದಲೇ ವಾಂತಿ ಬರುವುದು. ಹಾಗಂತ ಖಾಲಿ ಹೊಟ್ಟೆಯೂ ಬೇಡ. ಬಿಡದಿಯಲ್ಲಿ ಒಂಬತ್ತೂವರೆಗೆ ಬಿಸಿ ತಟ್ಟೆ ಇಡ್ಲಿ, ಬೆಣ್ಣೆ, ಚಟ್ನಿ. ಮಧ್ಯಾಹ್ನದವರೆಗೆ ಸಾಕಾಗುತ್ತದೆ.

ದಾರಿ ಮಂಡ್ಯದಿಂದ ಸುಮಾರು 70 ಕಿ.ಮೀ. ಪಾರ್ಕ್ ಇರುವುದು ಬಿಡದಿ ದಾಟಿ ಹೆಜ್ಜಾಲದ ಹತ್ತಿರ. ಎಕ್ಸ್‌ಪ್ರೆಸ್‌ವೇಯಲ್ಲಿ ಸುಮ್ನೆ ಹೋಗುತ್ತಾ ಇದ್ದರೆ ಬಿಡದಿ ಊರೇ ಸಿಗುವುದಿಲ್ಲ, ಬೈಪಾಸ್ ಆಗುತ್ತದೆ. ಬಿಡದಿಗೆ ಮೊದಲೇ ಎಲ್ಲಿ ಇಳಿಯಬೇಕು ಅಂತ ಮ್ಯಾಪಿನಲ್ಲಿ ನೋಡಿಟ್ಟುಕೊಂಡು ಹಳೇ ರಸ್ತೆಗೆ ಬನ್ನಿ. ಇಡ್ಲಿಯೂ ಸಿಗುತ್ತದೆ, ತಿರುವೂ ತಪ್ಪುವುದಿಲ್ಲ. ಬಸ್ಸಿನಲ್ಲಾದರೆ ಬಿಡದಿಯಲ್ಲಿ ನಿಲ್ಲಿಸುತ್ತೀರಾ ಅಂತ ಕಂಡಕ್ಟರನ್ನು ಕೇಳಿಯೇ ಹತ್ತಿ. ರೈಲಿನಲ್ಲಾದರೆ ಬಿಡದಿಯಲ್ಲಿ ಇಳಿದು ಆಟೋ. ಬೈಕಿನವರು ಯಾರಾದರೂ ಜೊತೆಗೆ ಬರುವುದಾದರೆ ಸರ್ವಿಸ್ ರಸ್ತೆಯಲ್ಲೇ ಬರಬೇಕು, 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಒಳಗೆ ಬೈಕ್ ಬಿಡುವುದಿಲ್ಲ.

ಮಗ ಇನ್ನೂ ಚಿಕ್ಕವನು, ದೂರ ಜಾಸ್ತಿ ಅನ್ನಿಸಿದರೆ ಮೈಸೂರಿನ ಕೆಆರ್‌ಎಸ್ ರಸ್ತೆಯ ಜಿಆರ್‌ಎಸ್ ಫ್ಯಾಂಟಸಿ ಪಾರ್ಕೂ ಇದೆ. ಚಿಕ್ಕದು, ಅಷ್ಟು ನಡೆದಾಟ ಇಲ್ಲ. ಮಗಳು 140ಕ್ಕಿಂತ ಕಡಿಮೆ ಇದ್ದರೆ ಈ ವರ್ಷ ಅಲ್ಲಿಗೆ ಹೋಗಿ, ವಂಡರ್‌ಲಾ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವುದೂ ಒಳ್ಳೆಯದೇ.

ವಾಪಸ್ ಬರುವಾಗ ಕಾರು ಓಡಿಸುವವರು ಕೊನೆಯ ಒಂದು ಗಂಟೆ ಯಾವ ರೈಡೂ ಹತ್ತದೆ ಒಣಬಟ್ಟೆ ಹಾಕಿಕೊಂಡು ಟೀ ಕುಡಿದು ಕೂರಲಿ. ಇಡೀ ದಿನ ನೀರಾಡಿದ ಮೇಲೆ ನಿದ್ದೆ ಎಳೆಯುತ್ತದೆ, ಅದೂ ಆ ನೇರ ರಸ್ತೆಯಲ್ಲಿ. ನಾವು ರಾಮನಗರದ ಹತ್ತಿರ ಒಂದು ಸಲ ಗಾಡಿ ನಿಲ್ಲಿಸಿ ಎಲ್ಲರೂ ಇಳಿದು ಹತ್ತು ನಿಮಿಷ ನಡೆದಾಡಿಯೇ ಹೊರಡುವುದು. ಮಕ್ಕಳ ಎತ್ತರ ಅಳೆದ ಮೇಲೆ ಇಲ್ಲಿ ಕೆಳಗೆ ಬರೆಯಿರಿ, ಯಾವ ಜಾಗದಿಂದ ಶುರು ಮಾಡಬಹುದು ಅಂತ ಹೇಳುತ್ತೇನೆ.