ಮಾವನವರ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ಮಾತು: ‘ಟು’ ಎಲ್ಲಿ ಬೇಕು, ಎಲ್ಲಿ ಬೇಡ

ಅಕ್ಕಾ, ನಿಮ್ಮ ಪೋಸ್ಟ್ ಈಗ ನೋಡಿದೆ. ಮುಂದಿನ ವಾರ ಹೊರರಾಜ್ಯದ ಜೇನು ಕೃಷಿಕರು ಬದಿಯಡ್ಕಕ್ಕೆ ಬರುತ್ತಾರೆ, ಮಾವನವರನ್ನು ಇಂಗ್ಲಿಷಿನಲ್ಲಿ ನೀವೇ ಪರಿಚಯ ಮಾಡಿಸಬೇಕು, ಬರೆದಿಟ್ಟ ಐದು ವಾಕ್ಯ ಓದಿ ಮಗಳು ನಕ್ಕಳು, ಎಂತ ತಪ್ಪು ಅಂತ ಮಾತ್ರ ಹೇಳಲಿಲ್ಲ. ಇಷ್ಟು ಅಲ್ವಾ ಸಂಗತಿ? ಮೇಲೆ ಕಾಮೆಂಟಿನಲ್ಲಿ ಕೆಲವರು ‘ಮೊಬೈಲಿಗೆ ಹಾಕಿ, ಅದೇ ಸರಿ ಮಾಡಿ ಕೊಡುತ್ತದೆ’ ಅಂದಿದ್ದಾರೆ. ಕೊಡುತ್ತದೆ, ಸುಳ್ಳಲ್ಲ. ಆದರೆ ಬಂದವರು ಜೇನು ಪೆಟ್ಟಿಗೆ ಹತ್ತಿರ ನಿಂತು ಮಾವನ ಬಗ್ಗೆ ಇನ್ನೊಂದು ಪ್ರಶ್ನೆ ಕೇಳಿದರೆ ಆಗ ಮೊಬೈಲ್ ತೆಗೆಯುತ್ತೀರಾ? ನಾನು ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುವವನು, ಜೇನು ಆಮೇಲೆ ಹಿಡಿದ ಹುಚ್ಚು. ಜೇನಿನ ವಿಷಯದಲ್ಲಿ ಇಲ್ಲಿ ಬಾಯಿ ಮುಚ್ಚಿ ಕೂತಿರುತ್ತೇನೆ, ಇದಕ್ಕಾದರೂ ಸ್ವಲ್ಪ ಉದ್ದ ಬರೆಯುತ್ತೇನೆ.

ನೀವು ಬರೆದದ್ದು ಹೀಗೆ: ‘ಹಿ ಟಾಟ್ ಟು ಅಸ್ ಅಬೌಟ್ ಬೀಸ್. ಹಿ ಎಕ್ಸ್‌ಪ್ಲೇನ್ಡ್ ಅಸ್ ಎವ್ರಿಥಿಂಗ್. ಹಿ ನೆವರ್ ಗಾಟ್ ಆಂಗ್ರಿ ಆನ್ ಎನಿಬಡಿ. ಪೀಪಲ್ ಡಿಸ್ಕಸ್ ಅಬೌಟ್ ಹಿಮ್ ಈವನ್ ನೌ. ಐ ಥ್ಯಾಂಕ್ ಟು ಹಿಮ್.’

ತಮಾಷೆ ನೋಡಿ. ‘ಟಾಟ್’ ಆದ ಮೇಲೆ ‘ಟು’ ಬೇಡ, ಹಾಕಿದ್ದೀರಿ. ‘ಥ್ಯಾಂಕ್’ ಆದ ಮೇಲೂ ಬೇಡ, ಹಾಕಿದ್ದೀರಿ. ‘ಎಕ್ಸ್‌ಪ್ಲೇನ್’ ಇರುವಲ್ಲಿ ಬೇಕೇ ಬೇಕು, ಅಲ್ಲಿ ಬಿಟ್ಟಿದ್ದೀರಿ! ಇದು ನಿಮ್ಮೊಬ್ಬರ ಕಥೆ ಅಲ್ಲ ಮಾರಾಯ್ರೆ, ನಮ್ಮ ಕಾಸರಗೋಡಿನ ಮಕ್ಕಳೆಲ್ಲ ಹೀಗೇ ಬರೆಯುತ್ತಾರೆ. ನಾವು ‘ಅವನ ಹತ್ತಿರ ಹೇಳಿದೆ’ ಅನ್ನುತ್ತೇವೆ, ತುಳುವಿನಲ್ಲಿ ‘ಆಯಡ ಪಂಡೆ’, ಮಲಯಾಳದಲ್ಲಿ ‘ಅವನೋಡ್ ಪರಞ್ಞು’. ಮೂರರಲ್ಲೂ ಮನುಷ್ಯನ ಹಿಂದೆ ಏನಾದರೊಂದು ಬಾಲ ಇದ್ದೇ ಇದೆ. ಅದೇ ಅಭ್ಯಾಸದಲ್ಲಿ ಇಂಗ್ಲಿಷಿಗೂ ‘ಟೋಲ್ಡ್ ಟು ಹಿಮ್’, ‘ಹೆಲ್ಪ್ ಟು ಹಿಮ್’ ಅಂತ ಬಾಲ ಅಂಟಿಸುತ್ತೇವೆ.

ಇಂಗ್ಲಿಷಿನಲ್ಲಿ ಹೆಚ್ಚಿನ ಕಡೆ ಲೆಕ್ಕ ಉಲ್ಟಾ. ಕ್ರಿಯಾಪದದ ಬೆನ್ನಿಗೇ ಮನುಷ್ಯ ಬರುತ್ತಾನೆ, ಬರಿಗೈಯಲ್ಲಿ. ಪ್ರಿಪೊಸಿಷನ್, ಅಂದರೆ ‘ಟು’, ‘ಫಾರ್’, ‘ಆನ್’ ಥರದ ಸಣ್ಣ ಪದ, ಅಂಟುವುದು ಆಮೇಲೆ ಬರುವ ವಿಷಯಕ್ಕೆ. ‘ಥ್ಯಾಂಕ್ ಹಿಮ್ ಫಾರ್ ದಿ ಹನಿ’, ‘ಕಂಗ್ರಾಚುಲೇಟ್ ಹಿಮ್ ಆನ್ ದಿ ಅವಾರ್ಡ್’, ‘ವಾರ್ನ್ ಹಿಮ್ ಅಬೌಟ್ ದಿ ರೇನ್’, ‘ಅಕ್ಯೂಸ್ ಹಿಮ್ ಆಫ್ ಥೆಫ್ಟ್’. ಎಲ್ಲದರಲ್ಲೂ ‘ಹಿಮ್’ ಒಂದೇ ಜಾಗದಲ್ಲಿದೆ ಅಲ್ವಾ, ಬದಲಾಗುವುದು ಅದರ ಮುಂದಿನ ಸಣ್ಣ ಪದ ಮಾತ್ರ. ಆ ಸಣ್ಣ ಪದಕ್ಕೂ ಸ್ವಲ್ಪ ಮಟ್ಟಿಗೆ ಅರ್ಥ ಉಂಟು. ಕಾರಣ ಹೇಳುವಲ್ಲಿ ‘ಫಾರ್’. ಕೈಗೆ ಏನಾದರೂ ಒದಗಿಸುವಲ್ಲಿ ‘ವಿತ್’, ಉದಾಹರಣೆಗೆ ‘ಹಿ ಪ್ರೊವೈಡೆಡ್ ಅಸ್ ವಿತ್ ಬಾಕ್ಸಸ್’. ಕಾಪಾಡುವುದಕ್ಕೆ, ತಡೆಯುವುದಕ್ಕೆ ‘ಫ್ರಮ್’. ‘ಅಕ್ಯೂಸ್’ಗೆ ‘ಆಫ್’ ಯಾಕೆ, ‘ಕಂಗ್ರಾಚುಲೇಟ್’ಗೆ ‘ಆನ್’ ಯಾಕೆ ಅಂತ ಮಾತ್ರ ಕೇಳಬೇಡಿ, ಸುಮ್ನೆ ಬಾಯಿಪಾಠ ಮಾಡಿ.

1991-92ರ ಥಾಯ್ ಸ್ಯಾಕ್‌ಬ್ರೂಡ್ ರೋಗದಲ್ಲಿ (ಜೇನಿನ ಮರಿಹುಳುಗಳನ್ನು ಕೊಲ್ಲುವ ವೈರಸ್ ರೋಗ) ಮಾವನವರ ತುಡುವೆ ಜೇನಿನ ಪೆಟ್ಟಿಗೆಗಳೆಲ್ಲ ಖಾಲಿಯಾದರೂ ಅವರು ಬಿಡಲಿಲ್ಲ ಅಂತ ಪೋಸ್ಟಿನಲ್ಲಿ ಬರೆದಿದ್ದೀರಿ. ಭಾಷಣದಲ್ಲಿ ಅದು ಯಾಕಿಲ್ಲ? ಬಂದವರೂ ಜೇನಿನವರು, ಆ ರೋಗದ ಹೆಸರು ಹೇಳಿದರೆ ಸಾಕು, ಕಿವಿ ನಿಮಿರುತ್ತದೆ. ‘ದಿ ಡಿಸೀಸ್ ರಾಬ್ಡ್ ಹಿಮ್ ಆಫ್ ಆಲ್ ಹಿಸ್ ಕಾಲನೀಸ್’ ಅನ್ನಬಹುದು. ‘ರಾಬ್’ ಆದರೆ ಕಳೆದುಕೊಂಡವನು ಮೊದಲು, ಹೋದ ವಸ್ತು ‘ಆಫ್’ ಜೊತೆ ಆಮೇಲೆ. ‘ಸ್ಟೀಲ್’ ಆದರೆ ವಸ್ತು ಮೊದಲು: ‘ಸಂಬಡಿ ಸ್ಟೋಲ್ ಸಮ್ ಬಾಕ್ಸಸ್ ಫ್ರಮ್ ಹಿಮ್’. ‘ಬ್ಲೇಮ್’ ಎರಡು ಕಡೆಗೂ ತಿರುಗುತ್ತದೆ. ‘ಹಿ ಡಿಡ್ ನಾಟ್ ಬ್ಲೇಮ್ ಎನಿಬಡಿ ಫಾರ್ ದಿ ಲಾಸ್’ ಅಂದರೂ ಸರಿ, ‘ಬ್ಲೇಮ್ ದಿ ಲಾಸ್ ಆನ್ ಎನಿಬಡಿ’ ಅಂದರೂ ಸರಿ.

ಇನ್ನು ‘ಎಕ್ಸ್‌ಪ್ಲೇನ್’ ಜಾತಿ. ಎಕ್ಸ್‌ಪ್ಲೇನ್, ಡಿಸ್ಕ್ರೈಬ್, ಸಜೆಸ್ಟ್, ಮೆನ್ಶನ್, ಇಂಟ್ರೊಡ್ಯೂಸ್. ಇವುಗಳಿಗೆ ಏನು ಅನ್ನುವುದು ಮೊದಲು ಬೇಕು, ಯಾರಿಗೆ ಅನ್ನುವುದು ‘ಟು’ ಹಾಕಿ ಕೊನೆಗೆ. ‘ಎಕ್ಸ್‌ಪ್ಲೇನ್ಡ್ ಎವ್ರಿಥಿಂಗ್ ಟು ಅಸ್’. ಗಿವ್, ಟೆಲ್, ಶೋ, ಟೀಚ್, ಸೆಂಡ್ ಇಂಥ ಗಿಡ್ಡ, ಹಳೇ ಇಂಗ್ಲಿಷ್ ಪದಗಳು ‘ಅಸ್’ ಅನ್ನು ಪಕ್ಕಕ್ಕೇ ಕೂರಿಸಿಕೊಳ್ಳುತ್ತವೆ. ಲ್ಯಾಟಿನ್ ಮೂಲದ ಉದ್ದ ಪದಗಳು ಜಾಸ್ತಿಯಾಗಿ ಕೂರಿಸಿಕೊಳ್ಳುವುದಿಲ್ಲ. ಮಕ್ಕಳಿಗೆ ನಾನು ಇಷ್ಟೇ ಹೇಳಿಕೊಡುವುದು, ಹೆಚ್ಚಿನ ಕಡೆ ಸರಿಯಾಗುತ್ತದೆ. ‘ಸೇ’ ಮಾತ್ರ ಗಿಡ್ಡ ಇದ್ದರೂ ‘ಟು’ ಕೇಳುತ್ತದೆ, ‘ಸೇ ಮಿ’ ಅನ್ನಬಾರದು.

‘ಆಂಗ್ರಿ ಆನ್’ ಎಲ್ಲಿಂದ ಬಂತು ಅಂತ ಹೇಳಬೇಕಾಗಿಲ್ಲ, ನಮ್ಮಲ್ಲಿ ಕೋಪ ಯಾವಾಗಲೂ ಒಬ್ಬರ ಮೇಲೆಯೇ. ಇಂಗ್ಲಿಷಿನಲ್ಲಿ ಮನುಷ್ಯರಾದರೆ ‘ಆಂಗ್ರಿ ವಿತ್’, ವಿಷಯವಾದರೆ ‘ಆಂಗ್ರಿ ಅಬೌಟ್’. ಹಾಗೆಯೇ ‘ಮ್ಯಾರೀಡ್ ವಿತ್’ ಅಲ್ಲ, ‘ಮ್ಯಾರೀಡ್ ಟು’. ‘ಪ್ರೌಡ್ ಆಫ್ ಹಿಮ್’. ‘ಗುಡ್ ವಿತ್ ಬೀಸ್’ ಅಂದರೆ ಜೇನುನೊಣದ ಜೊತೆ ಅವರಿಗೆ ಚೆನ್ನಾಗಿ ಹೊಂದುತ್ತದೆ ಅಂತ, ಮಾವನಿಗೆ ಇದು ಸರಿಯಾಗಿ ಒಪ್ಪುತ್ತದೆ. ‘ಡಿಸ್ಕಸ್’ಗೆ ‘ಅಬೌಟ್’ ಬೇಡ, ಅದರ ಒಳಗೇ ‘ಬಗ್ಗೆ’ ಉಂಟು. ಆದರೆ ನಿಮ್ಮ ವಾಕ್ಯದಲ್ಲಿ ‘ಡಿಸ್ಕಸ್’ ತೆಗೆದೇ ಬಿಡಿ, ಪಂಚಾಯತ್ ಮೀಟಿಂಗಿನಲ್ಲಿ ಮಾವನ ಮೇಲೆ ವಿಚಾರಣೆ ನಡೆದ ಹಾಗೆ ಕೇಳುತ್ತದೆ. ‘ಟಾಕ್ ಅಬೌಟ್ ಹಿಮ್’ ಸಾಕು.

ಕೆಲವು ಕಡೆ ‘ಟು’ ಮತ್ತು ‘ಅಟ್’ ಅದಲು ಬದಲಾದರೆ ಅರ್ಥವೇ ಕೆಡುತ್ತದೆ. ತೋಟದ ಆ ತುದಿಯಿಂದ ಮಾವ ಊಟಕ್ಕೆ ಕೂಗಿ ಕರೆದರೆ ‘ಹಿ ಶೌಟೆಡ್ ಟು ಮಿ’. ‘ಹಿ ಶೌಟೆಡ್ ಅಟ್ ಮಿ’ ಅಂದರೆ ಬೈದರು ಅಂತ. ‘ಥ್ರೂ ದಿ ಕೋಕೊನಟ್ ಟು ಮಿ’ ಅಂದರೆ ಹಿಡಿಯಲಿ ಅಂತ ಎಸೆದದ್ದು, ‘ಅಟ್ ಮಿ’ ಅಂದರೆ ತಲೆ ತಪ್ಪಿಸಿಕೊಳ್ಳಬೇಕು! ‘ಅಟ್’ ಬಂದರೆ ಗುರಿ ಇಟ್ಟದ್ದು ಅಂತ ತಿಳಿದುಕೊಳ್ಳಿ. ‘ಲಾಫ್ ಅಟ್’ ಕೂಡ ಅದೇ, ನಿಮ್ಮ ಮಗಳು ಮಾಡಿದ್ದು. ಜೊತೆಗೆ ಕೂತು ನಗುವುದು ‘ಲಾಫ್ ವಿತ್’. ‘ಲುಕ್’ ಕಥೆ ಇನ್ನೂ ದೊಡ್ಡದು: ‘ಲುಕ್ ಆಫ್ಟರ್’ ನೋಡಿಕೊಳ್ಳುವುದು, ‘ಲುಕ್ ಫಾರ್’ ಹುಡುಕುವುದು, ‘ಲುಕ್ ಅಪ್ ಟು’ ಗೌರವದಿಂದ ಕಾಣುವುದು, ‘ಲುಕ್ ಡೌನ್ ಆನ್’ ಕೀಳಾಗಿ ಕಾಣುವುದು. ಕೊನೆಯ ಎರಡು ಸಭೆಯಲ್ಲಿ ಅದಲು ಬದಲಾಗದಂತೆ ನೋಡಿಕೊಳ್ಳಿ, ಮಾವ ಎದುರೇ ಕೂತಿರುತ್ತಾರೆ.

ಕಲಿಯುವ ದಾರಿ ಕೇಳಿದ್ದೀರಿ. ಪ್ರಿಪೊಸಿಷನ್‌ಗಳ ಪಟ್ಟಿ ಮಾಡಬೇಡಿ, ಅದು ತಲೆಯಲ್ಲಿ ನಿಲ್ಲುವುದಿಲ್ಲ. ಕ್ರಿಯಾಪದ, ಮನುಷ್ಯ, ಸಣ್ಣ ಪದ, ವಿಷಯ, ಈ ನಾಲ್ಕನ್ನೂ ಸೇರಿಸಿ ಮನೆಯವರ ಮೇಲೆಯೇ ಒಂದೊಂದು ವಾಕ್ಯ ಬರೆದಿಟ್ಟುಕೊಂಡು ಜೋರಾಗಿ ಓದಿ. ಕಲಿಯುವವರಿಗಾಗಿಯೇ ಮಾಡಿದ ನಿಘಂಟು ತೆರೆದರೆ ‘ಎಸ್‌ಬಿ’, ‘ಎಸ್‌ಟಿಎಚ್’ ಅಂತ ಸಣ್ಣದಾಗಿ ಹಾಕಿರುತ್ತಾರೆ. ಮೊದಲನೆಯದು ‘ಸಂಬಡಿ’, ಮನುಷ್ಯ ಕೂರುವ ಜಾಗ, ಎರಡನೆಯದು ‘ಸಂಥಿಂಗ್’, ವಿಷಯ ಕೂರುವ ಜಾಗ. ಈ ಥರದ ನಿಘಂಟನ್ನು 1942ರಲ್ಲಿ ಮಾಡಿದ ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. ಅಲ್ಲಿನ ಮಕ್ಕಳಿಗೂ ಇದೇ ಪೇಚಾಟ ಇತ್ತು ಅಂತಾಯಿತು.

ಈಗ ನಿಮ್ಮ ಭಾಷಣ, ಇದನ್ನೇ ಓದಿ: ‘ಹಿ ಟಾಟ್ ಅಸ್ ಅಬೌಟ್ ಬೀಸ್. ಹಿ ಎಕ್ಸ್‌ಪ್ಲೇನ್ಡ್ ಎವ್ರಿಥಿಂಗ್ ಟು ಅಸ್. ಹಿ ನೆವರ್ ಗಾಟ್ ಆಂಗ್ರಿ ವಿತ್ ಎನಿಬಡಿ. ದಿ ಡಿಸೀಸ್ ರಾಬ್ಡ್ ಹಿಮ್ ಆಫ್ ಆಲ್ ಹಿಸ್ ಕಾಲನೀಸ್, ಬಟ್ ಹಿ ಸ್ಟಾರ್ಟೆಡ್ ಅಗೇನ್. ಪೀಪಲ್ ಟಾಕ್ ಅಬೌಟ್ ಹಿಮ್ ಈವನ್ ನೌ. ಐ ಥ್ಯಾಂಕ್ ಹಿಮ್ ಫಾರ್ ಆಲ್ ದಿಸ್.’ ಬಂದವರಿಗೆ ಕೊನೆಗೆ ‘ಇಟ್ ವಾಸ್ ಕೈಂಡ್ ಆಫ್ ಯು ಟು ಕಮ್’ ಅನ್ನಿ. ಅಲ್ಲಿ ‘ಕೈಂಡ್’ ಆದ ಮೇಲೆ ‘ಆಫ್’, ‘ಟು’ ಅಲ್ಲ. ಅವರು ಕೇಳಬಹುದಾದ ಪ್ರಶ್ನೆಗಳಿಗೆ ಉತ್ತರ ಬರೆದಿದ್ದರೆ ಇಲ್ಲೇ ಕೆಳಗೆ ಹಾಕಿ, ಭಾನುವಾರದೊಳಗೆ ನೋಡಿ ಹೇಳುತ್ತೇನೆ.