‘ಬೇಕು’ ಬೇರೆ, ‘ಸಾಕು’ ಬೇರೆ

ಪ್ರಶ್ನೆ: ಅಮೆರಿಕದ ಕಾನೂನು ಕಾಲೇಜುಗಳ ಪ್ರವೇಶ ಪರೀಕ್ಷೆ ಎಲ್‌ಸ್ಯಾಟ್‌ಗೆ ಓದುತ್ತಿದ್ದೇನೆ. ವಾದದಲ್ಲಿ ತಪ್ಪು ಎಲ್ಲಿದೆ ಎಂದು ಕೇಳಿದಾಗಲೇ ಜಾಸ್ತಿ ಎಡವುತ್ತೇನೆ. ಏನು ಮಾಡಲಿ?

ಉತ್ತರ: ಆಯ್ಕೆಗಳನ್ನು ನೋಡುವ ಮೊದಲೇ ತಪ್ಪನ್ನು ನಿಮ್ಮ ಮಾತಲ್ಲಿ ಹೇಳಿಕೊಳ್ಳಿ. ‘ಒಳ್ಳೆ ವಕೀಲರೆಲ್ಲ ತುಂಬಾ ಓದುತ್ತಾರೆ, ಈತನೂ ತುಂಬಾ ಓದುತ್ತಾನೆ, ಹಾಗಾಗಿ ಈತ ಒಳ್ಳೆ ವಕೀಲ’ ಅಂದರೆ ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಅಲ್ಲಿ ಹೇಳಿದ್ದು ಓದು ಬೇಕು ಎಂದಷ್ಟೇ, ಓದಿದರೆ ಸಾಕು ಎಂದಲ್ಲ. ಈ ಅದಲುಬದಲು ಪದೇ ಪದೇ ಬರುತ್ತದೆ. ಒಟ್ಟಿಗೆ ನಡೆದ ಎರಡು ಸಂಗತಿಗಳಲ್ಲಿ ಒಂದನ್ನು ಇನ್ನೊಂದಕ್ಕೆ ಕಾರಣ ಮಾಡುವುದೂ ಅಷ್ಟೇ. ಆಮೇಲೆ, ಆಯ್ಕೆ ಹೇಳುವ ತಪ್ಪು ನಿಜಕ್ಕೂ ಆ ವಾದದಲ್ಲಿದೆಯಾ ಎಂದು ಪದಕ್ಕೆ ಪದ ಹೊಂದಿಸಿ ನೋಡಿ, ಭಾರಿ ಮಾತು ಕಂಡಿತು ಅಂತ ಸುಮ್ನೆ ಗುರುತು ಹಾಕಬೇಡಿ. 2024ರ ಆಗಸ್ಟ್‌ನಿಂದ ಅಂಕಕ್ಕೆ ಲೆಕ್ಕವಾಗುವ ಮೂರು ವಿಭಾಗಗಳಲ್ಲಿ ಎರಡು ತರ್ಕದ್ದೇ, ಒಂದೊಂದಕ್ಕೂ 35 ನಿಮಿಷ. ಅದಕ್ಕೇ ಇಲ್ಲಿ ಪಟ್ಟ ಶ್ರಮ ಖಂಡಿತ ವ್ಯರ್ಥವಾಗಲ್ಲ.